ಲೆನನ್‌ನ ಒಂಬತ್ತು: ಬಂದದ್ದೆಷ್ಟು, ಕರೆತಂದದ್ದೆಷ್ಟು?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಬೀಟಲ್ಸ್ ಬಗ್ಗೆ ಅಷ್ಟೆಲ್ಲ ಬರೆದಿರಿ, ಜಾನ್ ಲೆನನ್‌ನ ಒಂಬತ್ತರ ಮಾತೇ ಎತ್ತಲಿಲ್ಲ. ಹುಟ್ಟಿದ್ದು 9, ಮಗ ಹುಟ್ಟಿದ್ದು 9, ಸತ್ತದ್ದೂ 9. ಇದೆಲ್ಲ ಸುಮ್ನೆ ಆಗುತ್ತಾ? ನನ್ನ ಮಗ ತನ್ನ ಬ್ಯಾಂಡಿನ ಹೆಸರಿಗೆ ಒಂದಕ್ಷರ ಸೇರಿಸಿ ಒಂಬತ್ತು ಮಾಡಲು ಹೊರಟಿದ್ದಾನೆ. ಏನು ಹೇಳಲಿ?"

ಬೀಟಲ್ಸ್ ಬ್ಯಾಂಡಿನ ಲೆನನ್‌ಗೆ ಒಂಬತ್ತರ ಗೀಳು ಇದ್ದದ್ದು ನಿಜ. ಆದರೆ ಎಲ್ಲ ಒಂಬತ್ತನ್ನೂ ಒಂದೇ ರಾಶಿಗೆ ಸುರಿಯಬೇಡಿ. ಕೆಲವು ತಾವಾಗಿ ಬಂದವು. ಕೆಲವನ್ನು ಅವನೇ ಕರೆತಂದ. ಉಳಿದವನ್ನು ತಂದು ತುಂಬಿದ್ದು ನಾವು ಅಭಿಮಾನಿಗಳು.

ತಾವಾಗಿ ಬಂದವು ಇವು. ಹುಟ್ಟಿದ್ದು 1940ರ ಅಕ್ಟೋಬರ್ 9, ಲಿವರ್‌ಪೂಲ್‌ನಲ್ಲಿ. ಚಿಕ್ಕಂದಿನ ಮನೆ ನ್ಯೂಕ್ಯಾಸಲ್ ರಸ್ತೆಯ 9ನೇ ನಂಬರು. ಮುಂದೆ ಬೀಟಲ್ಸ್ ಮ್ಯಾನೇಜರ್ ಆದ ಬ್ರಯನ್ ಎಪ್‌ಸ್ಟೀನ್ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ಬಿಗೆ ಬಂದು ಈ ಹುಡುಗರನ್ನು ನೋಡಿದ್ದು 1961ರ ನವೆಂಬರ್ 9. ಮಗ ಶಾನ್ ಹುಟ್ಟಿದ್ದು 1975ರ ಅಕ್ಟೋಬರ್ 9. ಇದೊಂದು ನನ್ನನ್ನೂ ಹುಬ್ಬೇರಿಸುವಂತೆ ಮಾಡುತ್ತದೆ. ಆದರೂ ಅಪ್ಪ-ಮಗ ಒಂದೇ ತಾರೀಖಿಗೆ ಹುಟ್ಟಿದ ಮನೆ ನಿಮ್ಮ ಊರಲ್ಲೂ ಇದ್ದೇ ಇರುತ್ತದೆ, ಅಲ್ವಾ?

ಸಾವಿನ ತಾರೀಖು ಮಾತ್ರ 9 ಅಲ್ಲ. ನ್ಯೂಯಾರ್ಕ್‌ನಲ್ಲಿ ಗುಂಡು ಬಿದ್ದದ್ದು 1980ರ ಡಿಸೆಂಬರ್ 8ರ ರಾತ್ರಿ, 10 ಗಂಟೆ 50 ನಿಮಿಷದ ಸುಮಾರಿಗೆ. ಆಗ ಲಿವರ್‌ಪೂಲ್‌ನಲ್ಲಿ 9ನೇ ತಾರೀಖು ಆಗಿತ್ತು ಅಂತ ಅಭಿಮಾನಿಗಳು ಲೆಕ್ಕ ಸರಿಮಾಡಿಕೊಂಡರು. ಹಾಗೆ ನೋಡಿದರೆ ನಮ್ಮಲ್ಲಿ ಆಗ 9ನೇ ತಾರೀಖು ಬೆಳಿಗ್ಗೆ 9 ಗಂಟೆ 20 ನಿಮಿಷ. ಶಿವಮೊಗ್ಗಕ್ಕೂ ಪಾಲು ಸಿಕ್ಕಿತು!

ಈಗ ಅವನೇ ಕರೆತಂದವು. ನನಗೆ ಜಾಸ್ತಿ ಇಷ್ಟ ಇವೇ. 'ಒನ್ ಆಫ್ಟರ್ 909' ಅವನು ಹದಿಹರೆಯದಲ್ಲೇ ಬರೆದ ಹಾಡು. 1968ರ 'ರೆವಲ್ಯೂಷನ್ 9' ಅಂತೂ ಹಾಡೇ ಅಲ್ಲ. ಎಂಟು ನಿಮಿಷಕ್ಕೂ ಮೀರಿದ ಶಬ್ದಗಳ ಜಾತ್ರೆ ಅದು. ಸಂಗಾತಿ ಯೋಕೊ ಓನೊ ಮತ್ತು ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಜತೆ ಸೇರಿ ಮಾಡಿದ್ದು. ಸ್ಟುಡಿಯೋದಲ್ಲಿ ಬಿದ್ದಿದ್ದ ಹಳೆಯ ಟೇಪೊಂದರಲ್ಲಿ ಯಾರೋ ಒಬ್ಬ 'ನಂಬರ್ ನೈನ್' ಅನ್ನುತ್ತಿದ್ದ. ಲೆನನ್ ಆ ತುಣುಕನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಸುತ್ತಿ ಸುತ್ತಿ ಬರುವಂತೆ ಮಾಡಿದ. ಟೇಪಿನಲ್ಲಿ ಬೇರೆ ಮಾತುಗಳೂ ಇದ್ದಿರಬೇಕು. ಅವನ ಕಿವಿ ನೆಟ್ಟದ್ದು ಒಂಬತ್ತಕ್ಕೆ. ಗೀಳು ಕೆಲಸಕ್ಕೆ ಬರುವುದು ಹೀಗೆ.

ಹೆಸರಿನ ಲೆಕ್ಕ ಇನ್ನೂ ಮಜಾ. 1969ರಲ್ಲಿ ಯೋಕೊಳನ್ನು ಮದುವೆಯಾದ ಮೇಲೆ ಅವನು ತನ್ನ ಹೆಸರಿಗೆ ಓನೊ ಸೇರಿಸಿಕೊಂಡ. ಜಾನ್ ಓನೊ ಲೆನನ್, ಯೋಕೊ ಓನೊ ಲೆನನ್ ಎಂದು ಇಂಗ್ಲಿಷಿನಲ್ಲಿ ಬರೆದು 'ಓ' ಅಕ್ಷರ ಎಣಿಸಿ: ಒಟ್ಟು ಒಂಬತ್ತು. ಅವನಿಗೆ ಖುಷಿಯೋ ಖುಷಿ. ಆದರೆ ಹುಟ್ಟಿನಿಂದ ಬಂದ ವಿನ್‌ಸ್ಟನ್ ಅನ್ನೋ ಹೆಸರನ್ನು ಕಾಗದಪತ್ರದಲ್ಲಿ ಬಿಡಲಾಗಲಿಲ್ಲ. ಅದರಲ್ಲೂ ಒಂದು 'ಓ' ಇದೆ. ಸರ್ಕಾರಿ ಲೆಕ್ಕದಲ್ಲಿ ಹತ್ತು!

1974ರ 'ನಂಬರ್ 9 ಡ್ರೀಮ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಏರಿದ್ದು ಸರಿಯಾಗಿ 9ನೇ ಸ್ಥಾನದವರೆಗೆ. ಇದನ್ನು ಎಲ್ಲರೂ ಹೇಳುತ್ತಾರೆ. ಅದು ಬಂದ ಆಲ್ಬಮ್ಮಿನಲ್ಲಿ ಆ ಹಾಡು ಏಳನೆಯದು ಅನ್ನೋದನ್ನು ಯಾರೂ ಹೇಳಲ್ಲ. ಅವನ 'ಇಮ್ಯಾಜಿನ್' ಹಾಡು ಅದೇ ಪಟ್ಟಿಯಲ್ಲಿ 3ಕ್ಕೆ ನಿಂತಿತು ಅನ್ನೋದನ್ನೂ ಅಷ್ಟೇ. (ಮೂರು ಮೂರಲ ಒಂಬತ್ತು ಅಂತ ಈಗ ನೀವೇ ಬರೆಯಬೇಡಿ.)

ಇನ್ನು ನಾವು ತಂದು ತುಂಬಿದವು. ಅಂಕಿಗಳನ್ನು ಕೂಡಿಸುತ್ತಾ ಹೋದರೆ ಯಾವ ಸಂಖ್ಯೆಯಾದರೂ ಕೊನೆಗೆ 1ರಿಂದ 9ರೊಳಗೆ ಬಂದು ನಿಲ್ಲಲೇಬೇಕು. ತಿಂಗಳಲ್ಲಿ 9, 18, 27, ಮೂರು ದಿನ ಒಂಬತ್ತೇ. ಅವನಿದ್ದ ಡಕೋಟಾ ಕಟ್ಟಡ ನ್ಯೂಯಾರ್ಕ್‌ನ 72ನೇ ಬೀದಿಯಲ್ಲಿ, 7ಕ್ಕೆ 2 ಸೇರಿಸಿದರೆ ಮುಗಿಯಿತು. ನಮ್ಮಲ್ಲಿ ಆರ್‌ಟಿಒಗೆ ಜಾಸ್ತಿ ದುಡ್ಡು ಕಟ್ಟಿ ಗಾಡಿ ನಂಬರ್ ತಗೊಳ್ಳೋರೂ ಇದೇ ಲೆಕ್ಕ ಹಾಕೋದು. ಆದರೆ ಅವನ ಬದುಕನ್ನೇ ತಿರುಗಿಸಿದ ದಿನ ಯಾವುದು? ಚರ್ಚ್ ಜಾತ್ರೆಯಲ್ಲಿ, ಮುಂದೆ ಬೀಟಲ್ಸ್‌ನಲ್ಲಿ ಜತೆಗಾರನಾದ ಪಾಲ್ ಮೆಕಾರ್ಟ್ನಿ ಸಿಕ್ಕ ದಿನ, 1957ರ ಜುಲೈ 6. ಅಂಕಿಗಳನ್ನೆಲ್ಲ ಕೂಡಿಸಿ ನೋಡಿ. 35, ಅಂದರೆ 8.

ಮಗ ಒಂದಕ್ಷರ ಸೇರಿಸಿಕೊಳ್ಳಲಿ ಬಿಡಿ, ಖರ್ಚಿಲ್ಲದ ಕೆಲಸ. ಜತೆಗೆ ಹೆಡ್‌ಫೋನ್ ಹಾಕಿಕೊಂಡು 'ರೆವಲ್ಯೂಷನ್ 9' ಒಮ್ಮೆ ಪೂರ್ತಿ ಕೇಳಲು ಹೇಳಿ, ಸ್ಟೀರಿಯೋದಲ್ಲೇ. ಆ ದನಿ ಒಂದು ಕಿವಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ. ಎರಡನೇ ನಿಮಿಷಕ್ಕೇ ಕಿತ್ತೆಸೆದರೆ ಬೈಯಬೇಡಿ, ಬೀಟಲ್ಸ್ ಅಭಿಮಾನಿಗಳಲ್ಲೂ ಎಷ್ಟೋ ಜನ ಅದನ್ನು ದಾಟಿಸಿಯೇ ಮುಂದೆ ಹೋಗುತ್ತಾರೆ.

— ಸಂ.