ಹೊರದೇಶದಲ್ಲಿ ಡ್ಯಾನ್ಸ್ ಕ್ಲಾಸು: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನೀವು ಕೇಳಿದ್ದು ಇಷ್ಟು: ಈ ದೇಶಕ್ಕೆ ಬಂದು ಮೂರು ತಿಂಗಳಾಯಿತು, ಇಲ್ಲಿನ ಮಾತು ಇನ್ನೂ ಕಿವಿಗೆ ಹತ್ತಿಲ್ಲ, ಸಮುದಾಯ ಕೇಂದ್ರದ ವೇಳಾಪಟ್ಟಿಯಲ್ಲಿ ಹತ್ತಾರು ಡ್ಯಾನ್ಸ್ ಕ್ಲಾಸುಗಳಿವೆ. ಐದು ವರ್ಷ ಭರತನಾಟ್ಯ ಕಲಿತ 13ರ ಮಗಳನ್ನು ಯಾವುದಕ್ಕೆ ಹಾಕಲಿ, 40 ದಾಟಿದ, ಎಂದೂ ಕುಣಿಯದ ನಾನು ಯಾವುದಕ್ಕೆ ಹೋಗಲಿ, ಜನ ಏನಂದುಕೊಂಡಾರು?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ವಯಸ್ಕರ ಕ್ಲಾಸಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಎಡಗಾಲು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕವೇ ಸಾಕಾಗಿರುತ್ತದೆ. ನೀವು ನಿಜವಾಗಿ ಯೋಚಿಸಬೇಕಾದದ್ದು ಬೇರೆ: ಪಟ್ಟಿಯಲ್ಲಿರುವ ಹೆಸರನ್ನು ನಂಬಿ ಹಣ ಕಟ್ಟಬೇಡಿ. ಕ್ಲಾಸು ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ನೆಲ ನೋಡಿದರೆ, ಮೊದಲ ಕಾಲು ಗಂಟೆ ನೋಡಿದರೆ ಗೊತ್ತಾಗುತ್ತದೆ.

ಹೆಸರುಗಳ ವಿಷಯ ಹೀಗೆ. ‘ಓಪನ್ ಲೆವೆಲ್’ ಎಂದು ಬರೆದಿದ್ದರೆ ಯಾರು ಬೇಕಾದರೂ ಬರಬಹುದು ಎಂದಷ್ಟೇ ಅರ್ಥ. ಮೊದಲಿನಿಂದ ಹೇಳಿಕೊಡುತ್ತಾರೆ ಎಂಬ ಭರವಸೆ ಅದರಲ್ಲಿಲ್ಲ. ಹೆಜ್ಜೆಗಳ ಒಂದು ಸರಣಿಯನ್ನು, ಅಂದರೆ ಅವರು ಕಾಂಬಿನೇಶನ್ ಅನ್ನುವುದನ್ನು, ಎರಡು ಸಲ ತೋರಿಸಿ ಸಂಗೀತ ಹಾಕಿಬಿಡುತ್ತಾರೆ. ಬರೀ ‘ಬಿಗಿನರ್’ ಎಂದಿದ್ದರೆ ಅಲ್ಲಿ ಎರಡು ವರ್ಷದಿಂದ ಅದೇ ಕ್ಲಾಸಿಗೆ ಬರುತ್ತಿರುವವರೂ ಇರುತ್ತಾರೆ, ವೇಗ ಅವರಿಗೆ ತಕ್ಕ ಹಾಗೆ ಏರಿರುತ್ತದೆ. ನೀವು ಹುಡುಕಬೇಕಾದ ಪದ ‘ಆಬ್ಸಲ್ಯೂಟ್ ಬಿಗಿನರ್’ ಅಥವಾ ‘ಇಂಟ್ರೊಡಕ್ಷನ್’. ಅದೂ ಟರ್ಮು ಶುರುವಾಗುವ ಮೊದಲನೇ ವಾರವೇ ಸೇರಬೇಕು. ಎಂಟು ಹತ್ತು ವಾರದ ಕೋರ್ಸಿನಲ್ಲಿ ನಾಲ್ಕನೇ ವಾರ ಹೋದರೆ ಉಳಿದವರಿಗೆ ಹದಿನೈದು ಹೆಜ್ಜೆಗಳ ಹೆಸರು ಬಾಯಿಗೆ ಬಂದಿರುತ್ತವೆ, ನಿಮಗೆ ಒಂದೂ ಬಂದಿರುವುದಿಲ್ಲ. ಆಗ ಎಷ್ಟೋ ಜನ ‘ನನಗೆ ಲಯವೇ ಇಲ್ಲ’ ಎಂದು ಬಿಟ್ಟುಬಿಡುತ್ತಾರೆ. ಲಯ ಇರುತ್ತದೆ, ಸೇರಿದ ವಾರ ತಪ್ಪು.

ಭಾಷೆಯ ಅಂಜಿಕೆ ಇದ್ದರೆ ಬ್ಯಾಲೆ ನೀವಂದುಕೊಂಡದ್ದಕ್ಕಿಂತ ಸುಲಭ. 1661ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಪ್ಯಾರಿಸ್ಸಿನಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಸ್ಥಾಪಿಸಿದ. ಆ ಪರಂಪರೆಯಿಂದ ಬಂದ ಫ್ರೆಂಚ್ ಪದಗಳು ಇವತ್ತಿಗೂ ಎಲ್ಲ ದೇಶಗಳಲ್ಲೂ ಹಾಗೇ ಉಳಿದಿವೆ. ಮಂಡಿ ಬಾಗಿಸಿದರೆ ಪ್ಲಿಯೆ, ಪಾದವನ್ನು ನೆಲದ ಮೇಲೆ ಸವರುತ್ತಾ ಚಾಚಿದರೆ ತಾಂದ್ಯು, ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ನಿಂತರೆ ರೆಲವೆ. ಇಂಥ ಹತ್ತು ಹದಿನೈದು ಪದ ಕಲಿತರೆ ಯಾವ ಊರಿನ ಕ್ಲಾಸಿಗಾದರೂ ಹೋಗಬಹುದು. ಕಾಂಟೆಂಪರರಿ, ಅಂದರೆ ಈ ಕಾಲದ ಆಧುನಿಕ ನೃತ್ಯ, ಹಾಗಲ್ಲ. ಅಲ್ಲಿ ಟೀಚರು ‘ಬೆನ್ನು ಕರಗಲಿ’, ‘ಭಾರ ನೆಲಕ್ಕೆ ಬಿಡಿ’ ಎಂದು ಮಾತಿನಲ್ಲೇ ಹೆಚ್ಚು ಹೇಳಿಕೊಡುತ್ತಾರೆ, ಹಾಗಾಗಿ ಮಾತು ಬಾರದವರಿಗೆ ಆರಂಭದಲ್ಲಿ ಕಷ್ಟ. ಜುಂಬಾದಲ್ಲಿ ಮಾತೇ ಕಡಿಮೆ. ಕೊಲಂಬಿಯಾದ ಬೆಟೊ ಪೆರೆಜ್ ಶುರುಮಾಡಿದ ಆ ಪದ್ಧತಿಯಲ್ಲಿ ಟೀಚರು ಕೈಸನ್ನೆ ಮಾಡುತ್ತಾ ಮುಂದೆ ಕುಣಿಯುತ್ತಾರೆ, ನೀವು ನೋಡಿಕೊಂಡು ಹಿಂಬಾಲಿಸುತ್ತೀರಿ. ಬೆವರು ಹರಿಸಲು ಒಳ್ಳೆಯದು, ಹೆಜ್ಜೆಯನ್ನು ಬಿಡಿಸಿ ಕಲಿಯಲು ಅಷ್ಟಲ್ಲ.

ಯಾವ ಕ್ಲಾಸಾದರೂ ಸರಿ, ಸ್ಥಳೀಯ ಭಾಷೆಯಲ್ಲಿ ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಹೋಗಿ: ಒಂದರಿಂದ ಎಂಟು, ಬಲ, ಎಡ, ಹಿಂದೆ, ಮುಂದೆ, ಮಂಡಿ, ಹಿಮ್ಮಡಿ, ಭುಜ, ಉಸಿರು, ‘ಇನ್ನೊಂದು ಬದಿ’, ‘ಮೊದಲಿಂದ’. ‘ಐದು, ಆರು, ಏಳು, ಎಂಟು’ ಎಂದು ಟೀಚರು ಕೂಗಿದರೆ ಅದು ಎಚ್ಚರಿಕೆ, ಕುಣಿತ ಶುರುವಾಗುವುದು ಅದರ ನಂತರದ ಒಂದಕ್ಕೆ. ಹೊಸಬರು ಐದಕ್ಕೇ ಹೊರಟುಬಿಡುತ್ತಾರೆ. ಎರಡು ಎಣಿಕೆಯ ನಡುವೆ ‘ಆ್ಯಂಡ್’ ಎಂದರೆ ಅರ್ಧ ಎಣಿಕೆ. ‘ಮಾರ್ಕ್ ಮಾಡಿ’ ಎಂದರೆ ಪೂರ್ತಿ ಶಕ್ತಿ ಹಾಕದೆ, ಜಿಗಿಯದೆ, ಕೈಯಲ್ಲೋ ಸಣ್ಣ ಹೆಜ್ಜೆಯಲ್ಲೋ ಕ್ರಮವನ್ನು ನೆನಪು ಮಾಡಿಕೊಳ್ಳಿ ಎಂದರ್ಥ. ‘ಫುಲ್ ಔಟ್’ ಎಂದಾಗ ಪೂರ್ತಿ ಕುಣಿಯಬೇಕು.

ಇನ್ನು ನೆಲ. ಟ್ರಯಲ್ ಕ್ಲಾಸಿಗೆ ಹೋದಾಗ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಸಣ್ಣದಾಗಿ ಎರಡು ಸಲ ಜಿಗಿದು ನೋಡಿ. ಒಳ್ಳೆಯ ನೃತ್ಯದ ನೆಲದಲ್ಲಿ ಮರದ ಹಲಗೆಯ ಅಡಿ ಪಟ್ಟಿಗಳೋ ಫೋಮಿನ ತುಂಡುಗಳೋ ಇರುತ್ತವೆ. ಜಿಗಿದಾಗ ಅದು ಕೂದಲೆಳೆಯಷ್ಟು ತಗ್ಗಿ ಮೇಲೇಳುತ್ತದೆ, ಸದ್ದು ಡೊಳ್ಳಿನ ಹಾಗೆ ಟೊಳ್ಳಾಗಿ ಬರುತ್ತದೆ. ಕಾಂಕ್ರೀಟಿನ ಮೇಲೆ ಟೈಲ್ಸೋ ತೆಳು ವಿನೈಲೋ ಹಾಕಿದ್ದರೆ ಹೊಡೆತ ನೇರ ಹಿಮ್ಮಡಿಯಿಂದ ಮಂಡಿಗೆ ಏರಿದ್ದು ಗೊತ್ತಾಗುತ್ತದೆ. ಅಂಥ ಕಡೆ ನಿಧಾನದ ಕ್ಲಾಸು ಪರವಾಗಿಲ್ಲ. ಜಿಗಿತ ಇರುವ ಜಾಜ್, ಹಿಪ್ ಹಾಪ್, ಬ್ಯಾಲೆ ಬೇಡ, ಕೆಲವೇ ವಾರದಲ್ಲಿ ಮೊಣಕಾಲ ಕೆಳಗಿನ ಮುಂಭಾಗದ ಎಲುಬು ನೋಯಲು ಶುರುವಾಗಬಹುದು. ಮತ್ತೊಂದು ಮಾತು: ಕ್ಲಾಸಿಗೆ ಹೋಗುವ ದಿನ ಪಾದಕ್ಕೆ ಎಣ್ಣೆ, ಕ್ರೀಮು ಹಚ್ಚಬೇಡಿ. ನಿಮಗೆ ಏನೂ ಆಗದಿರಬಹುದು, ಆದರೆ ನೆಲಕ್ಕೆ ಅಂಟಿದ ಜಿಡ್ಡಿನ ಮೇಲೆ ಹಿಂದಿನವರು ಜಾರುತ್ತಾರೆ. ಹತ್ತಿಯ ಸಾಕ್ಸ್ ಹಾಕಿ ಜಿಗಿಯುವುದೂ ಬೇಡ. ಕಾಂಟೆಂಪರರಿಗೆ ಬರಿಗಾಲು, ಬ್ಯಾಲೆಗೆ ಮೆತ್ತನೆಯ ಬಟ್ಟೆ ಅಥವಾ ಚರ್ಮದ ಸ್ಲಿಪ್ಪರ್. ಜೋಡಿಯಾಗಿ ಕುಣಿಯುವ ಸಾಲ್ಸಾಕ್ಕೆ ರಬ್ಬರ್ ತಳದ ಓಡುವ ಶೂ ಹಾಕಿಕೊಂಡರೆ ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮಂಡಿ. ನಯವಾದ ಚರ್ಮದ ತಳ ಅಥವಾ ಸ್ವೇಡ್ (ಮೃದು ಜುಂಗಿನ ಚರ್ಮ) ತಳ ಇರಬೇಕು. ಅದನ್ನು ಹಾಕಿಕೊಂಡು ಬೀದಿಯಲ್ಲಿ ನಡೆಯಬೇಡಿ, ಒದ್ದೆಯಾದರೆ ತಳ ಕೆಟ್ಟುಹೋಗುತ್ತದೆ.

ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಸಂಕೋಚದಿಂದ ಎಲ್ಲರೂ ಹಿಂದಿನ ಸಾಲಿಗೆ ಓಡುತ್ತಾರೆ. ಕ್ಲಾಸು ಹಿಂದಿನ ಗೋಡೆಗೆ ಮುಖ ಮಾಡಿದ ಕ್ಷಣ ಆ ಸಾಲೇ ಮುಂದಿನ ಸಾಲಾಗುತ್ತದೆ, ನೋಡಿಕೊಳ್ಳಲು ಎದುರಿಗೆ ಯಾರೂ ಇರುವುದಿಲ್ಲ. ಎರಡನೇ ಸಾಲಿನ ನಡುವೆ ನಿಂತರೆ ಯಾವ ಕಡೆ ತಿರುಗಿದರೂ ಕಣ್ಣಿಗೆ ಯಾರಾದರೂ ಸಿಗುತ್ತಾರೆ. ಟೀಚರು ನಿಮ್ಮ ಕಡೆ ಮುಖ ಮಾಡಿ ಕುಣಿಯುವಾಗ ಸಾಮಾನ್ಯವಾಗಿ ಕನ್ನಡಿಯಂತೆ ಮಾಡುತ್ತಾರೆ. ‘ಬಲ’ ಎಂದು ಹೇಳಿ ಎಡಗೈ ಎತ್ತುತ್ತಾರೆ, ನೀವು ಬಲಗೈಯನ್ನೇ ಎತ್ತಬೇಕು. ಕೊನೆಯ ಭಾಗದಲ್ಲಿ ಎರಡು ಮೂರು ಜನರ ಗುಂಪಾಗಿ ಕೋಣೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವುದಿರುತ್ತದೆ. ಮುಂದಿನ ಗುಂಪು ಹೊರಟು ನಾಲ್ಕು ಅಥವಾ ಎಂಟು ಎಣಿಕೆ ಆದ ಮೇಲೆ ನೀವು ಹೊರಡಬೇಕು. ಹೆಜ್ಜೆ ತಪ್ಪಿದರೆ ನಡುವೆ ನಿಲ್ಲಬೇಡಿ, ಹಿಂದಿನ ಗುಂಪು ಬಂದು ಡಿಕ್ಕಿ ಹೊಡೆಯುತ್ತದೆ. ನಡೆದುಕೊಂಡಾದರೂ ಕೊನೆ ಮುಟ್ಟಿ, ಗೋಡೆಯ ಪಕ್ಕದಿಂದ ವಾಪಸು ಬನ್ನಿ. ತಡವಾಗಿ ಹೋದರೆ ಒಳಗೆ ಬಿಡದಿರಬಹುದು. ಅದು ಅವಮಾನ ಮಾಡಲು ಅಲ್ಲ, ಮೈ ಬಿಸಿಯಾಗದೆ ಜಿಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಎಂಬ ಕಾರಣಕ್ಕೆ.

ಮಂಡಿಯ ವಿಷಯ ಸ್ವಲ್ಪ ನಿಧಾನವಾಗಿ ಓದಿ, ತಾಯಿ ಮಗಳು ಇಬ್ಬರಿಗೂ ಬೇಕಾದದ್ದು ಇದು. ಹಿಮ್ಮಡಿ ಕೂಡಿಸಿ ಪಾದಗಳನ್ನು ಹೊರಕ್ಕೆ ತೆರೆದು ನಿಂತಾಗ ಆ ತಿರುವು ತೊಡೆ ಸೊಂಟಕ್ಕೆ ಸೇರುವ ಕೀಲಿನಿಂದ ಬರಬೇಕು. ಕೀಲಿನ ಆಕಾರ ಒಬ್ಬೊಬ್ಬರದು ಒಂದೊಂದು ಥರ, ಪಾದಗಳು ಒಂದೇ ಗೆರೆಗೆ ಬರುವಷ್ಟು ತಿರುವು ಹೆಚ್ಚಿನವರಿಗೆ ಇರುವುದಿಲ್ಲ. ಇಲ್ಲದ್ದನ್ನು ತೋರಿಸಲು ಪಾದವನ್ನು ನೆಲಕ್ಕೆ ಒತ್ತಿ ಹೊರಗೆ ತಿರುಚಿದರೆ ಪಾದದ ಒಳಕಮಾನು ಕುಸಿಯುತ್ತದೆ, ಮಂಡಿಯ ಒಳಬದಿ ನೋಯುತ್ತದೆ. ಪರೀಕ್ಷೆ ಸುಲಭ. ನಿಂತಲ್ಲೇ ಮಂಡಿ ಬಾಗಿಸಿ ಕೆಳಗೆ ನೋಡಿ. ಮಂಡಿಚಿಪ್ಪು ಹೆಬ್ಬೆರಳ ಪಕ್ಕದ ಬೆರಳಿನ ನೇರಕ್ಕೆ ಇರಬೇಕು. ಮಂಡಿ ಹೆಬ್ಬೆರಳಿಗಿಂತ ಒಳಗೆ ಬಂದಿದ್ದರೆ ಪಾದಗಳನ್ನು ಒಂದು ಹೆಬ್ಬೆರಳ ಅಗಲ ಮುಚ್ಚಿ, ಮತ್ತೆ ನೋಡಿ. ಸರಿಹೋಗುವ ತನಕ ಮುಚ್ಚುತ್ತಾ ಬನ್ನಿ, ಅಲ್ಲಿ ನಿಂತದ್ದೇ ನಿಮ್ಮ ಅಳತೆ. ಪಕ್ಕದವರ ಪಾದ ಎಷ್ಟು ತೆರೆದಿದೆ ಎಂದು ನೋಡುವುದರಿಂದ ಪ್ರಯೋಜನವಿಲ್ಲ.

ನಿಮ್ಮ ಮಗಳಿಗೆ ಅರೆಮಂಡಿ, ಅಂದರೆ ಮಂಡಿ ಅರ್ಧ ಬಾಗಿಸಿ ನಿಲ್ಲುವ ಭಂಗಿ, ಅಭ್ಯಾಸವಾಗಿದೆ, ತೊಡೆಯಲ್ಲಿ ಬಲ ಇದೆ, ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವುಗಳನ್ನು ಮೂರು ವೇಗದಲ್ಲಿ ಮಾಡಿದವಳಿಗೆ ಎಂಟರ ಎಣಿಕೆ ನೀರು ಕುಡಿದಷ್ಟು ಸುಲಭ. ಅಡ್ಡ ಬರುವುದು ಪಾದ. ತಟ್ಟಡವಿನಲ್ಲಿ ಪಾದ ಚಪ್ಪಟೆಯಾಗಿ ನೆಲಕ್ಕೆ ಬಡಿಯಬೇಕು, ಸದ್ದು ಕೇಳಿಸಬೇಕು. ಬ್ಯಾಲೆಯಲ್ಲಿ ಜಿಗಿದು ಇಳಿಯುವಾಗ ಬೆರಳು, ಮುಂಗಾಲು, ಆಮೇಲೆ ಹಿಮ್ಮಡಿ ಎಂದು ಉರುಳಿಕೊಂಡು, ಸದ್ದಿಲ್ಲದೆ ಇಳಿಯಬೇಕು, ಮಂಡಿ ಅದರ ಜೊತೆಗೇ ಬಾಗಬೇಕು. ಹಿಮ್ಮಡಿ ನೆಲ ಮುಟ್ಟದೆ ಮತ್ತೆ ಜಿಗಿದರೆ ಭಾರವೆಲ್ಲ ಮೀನಖಂಡಕ್ಕೆ ಬೀಳುತ್ತದೆ. ‘ಸದ್ದು ಕಡಿಮೆ ಮಾಡು’ ಎಂದು ಟೀಚರು ಪದೇಪದೇ ಹೇಳಿದರೆ ಅವಳಿಗೆ ಬೇಜಾರಾಗಬಹುದು. ಹಿಂದೆ ಕಲಿತದ್ದು ತಪ್ಪಲ್ಲ, ಇದು ಇನ್ನೊಂದು ವಿದ್ಯೆ ಎಂದು ಮನೆಯಲ್ಲಿ ಮೊದಲೇ ಹೇಳಿಡಿ. ಗ್ರೇಡು ಪದ್ಧತಿ ಇರುವ ಶಾಲೆಗಳಲ್ಲಿ ಬ್ಯಾಲೆ ಬಾರದ 13ರ ಹುಡುಗಿಯನ್ನು ಎಂಟು ಒಂಬತ್ತರ ಮಕ್ಕಳ ಜೊತೆ ನಿಲ್ಲಿಸುವುದುಂಟು. ಒಪ್ಪಬೇಡಿ, ‘ಟೀನ್ ಬಿಗಿನರ್’ ಕ್ಲಾಸು ಇದೆಯೇ ಕೇಳಿ. ಆ ವಯಸ್ಸಿನಲ್ಲಿ ಓರಗೆಯವರ ಜೊತೆ ಇರುವುದು ಹೆಜ್ಜೆಗಿಂತ ಮುಖ್ಯ. ಮೈಗಂಟುವ ಲಿಯೊಟಾರ್ಡ್ ಹಾಕಲು ಅವಳಿಗೆ ಮುಜುಗರವಾದರೆ ಮೇಲೆ ಟೀ ಶರ್ಟು, ಕೆಳಗೆ ಲೆಗ್ಗಿಂಗ್ಸ್ ಆಗುತ್ತದೆಯೇ ಎಂದು ಕೇಳಿ, ಸಮುದಾಯದ ಕ್ಲಾಸುಗಳಲ್ಲಿ ಬಹುಮಟ್ಟಿಗೆ ಒಪ್ಪುತ್ತಾರೆ. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಮೇಲೆ ಅವಳು ಕಣ್ಣು ಹಾಕಬಹುದು. ವರ್ಷಗಟ್ಟಲೆ ಪಾದ, ಕಣಕಾಲು ಗಟ್ಟಿ ಮಾಡಿಕೊಳ್ಳದೆ ಅದು ಕೂಡದು.

ಈ ವಯಸ್ಸಿನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಎತ್ತರ ಅತಿ ವೇಗವಾಗಿ ಏರುವುದು ಹುಡುಗಿಯರಲ್ಲಿ ಸುಮಾರು 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಎಲುಬು ಮೊದಲು ಉದ್ದವಾಗುತ್ತದೆ, ಸ್ನಾಯು ಆಮೇಲೆ ಹೊಂದಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ನಿನ್ನೆ ಬರುತ್ತಿದ್ದ ಹೆಜ್ಜೆ ಇವತ್ತು ತಪ್ಪುತ್ತದೆ, ಮೈ ಬಿಗಿಯುತ್ತದೆ. ಅದು ಸೋಮಾರಿತನವಲ್ಲ. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ಒತ್ತಿದರೆ ನೋವು ಎಂದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಯಾರೂ ಅವಳ ಬೆನ್ನ ಮೇಲೆ ಕೂತು ಒತ್ತಿ ಕಾಲು ಚಾಚಿಸಲು ಬಿಡಬೇಡಿ.

ಮುಟ್ಟುವ ವಿಷಯಕ್ಕೆ ಬರುತ್ತೇನೆ. ಕೈ ಹಿಡಿದು ತಿದ್ದುವುದು ಎಲ್ಲ ನೃತ್ಯದಲ್ಲೂ ಇದೆ, ಆದರೆ ಒಳ್ಳೆಯ ಟೀಚರು ಮೊದಲು ಕೇಳುತ್ತಾರೆ. ‘ಮುಟ್ಟದೆ ಹೇಳಿಕೊಡಿ’ ಎನ್ನುವುದು ಒರಟುತನವಲ್ಲ, ಕಾರಣ ಕೊಡಬೇಕಾಗಿಯೂ ಇಲ್ಲ. ಸಾಲ್ಸಾದಂಥ ಜೋಡಿ ಕ್ಲಾಸಿನಲ್ಲಿ ಕೆಲವು ನಿಮಿಷಕ್ಕೊಮ್ಮೆ ಜೋಡಿ ಬದಲಾಗುತ್ತದೆ. ಗಂಡ ಹೆಂಡತಿ ಜೊತೆಗೇ ಇರಬೇಕೆಂದರೆ ಮೊದಲೇ ಹೇಳಿದರೆ ಸಾಕು. ಬದಲಾದರೆ ಬೇಗ ಕಲಿಯುತ್ತೀರಿ ಎಂಬುದೂ ನಿಜ. ಸಾಲ್ಸಾದಲ್ಲಿ ಹೆಜ್ಜೆ ಒಂದು, ಎರಡು, ಮೂರಕ್ಕೆ, ನಾಲ್ಕಕ್ಕೆ ತಡೆ, ಐದು, ಆರು, ಏಳಕ್ಕೆ ಮತ್ತೆ ಹೆಜ್ಜೆ, ಎಂಟಕ್ಕೆ ತಡೆ. ಹೊಸಬರು ಆ ತಡೆಯನ್ನು ನುಂಗಿ ಓಡುತ್ತಾರೆ. ಇದಕ್ಕೆ ಪೂರ್ತಿ ಬೇರೆಯದು ಕಾಂಟಾಕ್ಟ್ ಇಂಪ್ರೊವೈಸೇಶನ್. 1972ರಲ್ಲಿ ಅಮೆರಿಕದ ಸ್ಟೀವ್ ಪ್ಯಾಕ್ಸ್ಟನ್ ಆರಂಭಿಸಿದ ಆ ಪದ್ಧತಿಯಲ್ಲಿ ಒಬ್ಬರ ಮೈಭಾರ ಇನ್ನೊಬ್ಬರ ಮೇಲೆ ಬೀಳುವುದೇ ಪಾಠ. ಗೊತ್ತಿಲ್ಲದೆ ಹೋಗಿ ಗಾಬರಿಯಾಗಬೇಡಿ.

ಕುಣಿಯುವುದೇ ಬೇಡ, ಬಿಗಿದ ಮೈ ಸಡಿಲವಾದರೆ ಸಾಕು ಅನಿಸಿದರೆ ಫೆಲ್ಡೆನ್‌ಕ್ರೈಸ್ ಕ್ಲಾಸು ನೋಡಿ. ಹೆಚ್ಚಾಗಿ ನೆಲದ ಮೇಲೆ ಮಲಗಿ ಮಾಡುವ ಸಣ್ಣ, ನಿಧಾನ ಚಲನೆಗಳು. ನಿಮ್ಮ ಮಾವನವರಿಗೆ ಪಾರ್ಕಿನ್ಸನ್ಸ್, ಅಂದರೆ ಕೈಕಾಲು ನಡುಗಿ ಚಲನೆ ನಿಧಾನವಾಗುವ ಕಾಯಿಲೆ, ಇದೆ ಎಂದು ಬರೆದಿದ್ದೀರಿ. ಅವರು ಬಂದಾಗ ‘ಡ್ಯಾನ್ಸ್ ಫಾರ್ ಪಿಡಿ’ (ಪಿಡಿ ಎಂದರೆ ಅದೇ ಕಾಯಿಲೆ) ಮಾದರಿಯ ಕ್ಲಾಸು ಹತ್ತಿರದಲ್ಲಿದೆಯೇ ಹುಡುಕಿ. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡ್ಯಾನ್ಸ್ ಗ್ರೂಪ್ ಶುರುಮಾಡಿದ ಈ ಕ್ಲಾಸಿನಲ್ಲಿ ಕುರ್ಚಿಯಲ್ಲಿ ಕೂತೇ ಬಹಳಷ್ಟು ಮಾಡಬಹುದು.

ಸೇರುವಾಗ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ, ಎಷ್ಟೋ ಕಡೆ ಅದು ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ನಮೂನೆ. ಎದೆನೋವು, ತಲೆಸುತ್ತು, ಬಿಪಿ, ಕೀಲಿನ ತೊಂದರೆ ಏನಿದ್ದರೂ ಮುಚ್ಚಿಡದೆ ಬರೆಯಿರಿ, ಅದನ್ನು ನೋಡಿಯೇ ಟೀಚರು ನಿಮಗೆ ಜಿಗಿತ ಬಿಡಿಸುತ್ತಾರೆ. ಮಗಳ ಕ್ಲಾಸಿನ ಬಗ್ಗೆ ಮೂರು ಕೇಳಿ: ಟೀಚರ ಹಿನ್ನೆಲೆ ತಪಾಸಣೆ ಆಗಿದೆಯೇ, ಕ್ಲಾಸು ನಡೆಯುವಾಗ ಹೊರಗಿನಿಂದ ಕಾಣುವ ಕಿಟಕಿ ಇದೆಯೇ, ವಿಡಿಯೊ ತೆಗೆಯಲು ಯಾರ ಒಪ್ಪಿಗೆ ಬೇಕು. ಮೊದಲ ಕ್ಲಾಸಿನ ಮಾರನೆಯ ದಿನ, ಅದರ ಮರುದಿನ ತೊಡೆ, ಮೀನಖಂಡ ಎರಡೂ ಬದಿ ಸಮನಾಗಿ ನೊಂದರೆ ಹೆದರಬೇಡಿ, ಹೊಸ ಕೆಲಸ ಮಾಡಿದ ಸ್ನಾಯು ಹಾಗೇ. ಕೀಲಿನೊಳಗೆ ಒಂದೇ ಕಡೆ ಚುಚ್ಚಿದರೆ, ಊದಿದರೆ ಆ ವಾರ ಬಿಡಿ. ಹೋದ ಮೊದಲ ದಿನ ಹತ್ತು ನಿಮಿಷ ಮುಂಚೆ ತಲುಪಿ ಟೀಚರ ಹತ್ತಿರ ಒಂದೇ ವಾಕ್ಯ ಹೇಳಿ: ‘ನಾನು ಹೊಸಬಳು, ಭಾಷೆ ಇನ್ನೂ ಕಲಿಯುತ್ತಿದ್ದೇನೆ, ನಿಮ್ಮ ಕಾಲು ಕಾಣುವ ಜಾಗದಲ್ಲಿ ನಿಲ್ಲಿಸಿ.’