ಗಾಡಿ ಮಾತು: ಹತ್ತು ಲಕ್ಷದ ಗೆರೆ ದಾಟದ ಕಾರುಗಳು

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ. ಮುಂದೆ ಯಾವ ಸ್ಪೋರ್ಟಿ ಸಣ್ಣ ಕಾರು ಬರುತ್ತದೆ, ಎಷ್ಟಕ್ಕೆ ಬರುತ್ತದೆ, ಎಷ್ಟು ಓಡುತ್ತದೆ? ನಾನು ಪಂಚಾಂಗ ನೋಡುವವನಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಮೂವತ್ತೊಂದು ವರ್ಷ ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್ ಮಷಿನ್ ಮುಂದೆ ನಿಂತವನು, ಮೈಕ್ರೋಮೀಟರ್ ಹಚ್ಚದೆ ಯಾವ ಮಾತನ್ನೂ ನಂಬಿದವನಲ್ಲ. ಆದರೂ ಈ ಪ್ರಶ್ನೆಗೆ ಅಳತೆಗೋಲು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ, ನಾನು ಎಂಜಿನಿಯರಿಂಗ್ ಮೂರನೇ ವರ್ಷ, ಟಿಳಕವಾಡಿಯೊಳಗ ರೂಮ್ ಮಾಡೀನಿ. ಸ್ವಿಫ್ಟ್ ಸ್ಪೋರ್ಟ್ ನಮ್ಮ ದೇಶಕ್ಕ ಬರತೈತಿ, ಹತ್ತು ಹನ್ನೊಂದು ಲಕ್ಷಕ್ಕ ಸಿಗತೈತಿ ಅಂತ ವಿಡಿಯೋದಾಗ ಹೇಳ್ತಾರ. ಅಪ್ಪಗ ಕಾಯ್ರಿ ಅಂತ ಹೇಳೇನಿ. ತಪ್ಪು ಮಾಡಿದ್ನೇನು? (ಬೆಳಗಾವಿ)

ಉತ್ತರ: ತಪ್ಪೇನಿಲ್ಲಪ್ಪ, ಆಸೆ ನನಗೂ ಇತ್ತು. ಆ ಕಾರಿನ ಜಪಾನಿನ ಲೆಕ್ಕ ನೋಡು: 1371 ಸಿಸಿಯ ಟರ್ಬೊ (ಗಾಳಿ ಒತ್ತಿ ತುಂಬುವ) ಎಂಜಿನ್, 140 ಪಿಎಸ್ ಅಂದರೆ ಕುದುರೆ ಶಕ್ತಿ, 230 ನ್ಯೂಟನ್ ಮೀಟರ್ ಎಳೆತ, ಮ್ಯಾನುವಲ್ ಗೇರಿನದ್ದು ತೂಕ ಬರೀ 970 ಕೆಜಿ. ಟನ್ನಿಗೆ 144 ಪಿಎಸ್ ಬಿತ್ತು. ಈ ಜಾತಿಗೆ ಮೂಲಪುರುಷ ಅನ್ನಬಹುದಾದ 1976ರ ಗಾಲ್ಫ್ ಜಿಟಿಐ 110 ಪಿಎಸ್, ಸುಮಾರು 810 ಕೆಜಿ. ಅಂದರೆ ಟನ್ನಿಗೆ 136. ಮನಸ್ಸು ಕುಣಿಯುವುದು ಸಹಜ.

ಆದರೆ ಆ 1371 ಎಂಬ ಅಂಕಿಯನ್ನು ನಿನ್ನ ವಿಡಿಯೋದವರು ಜೋರಾಗಿ ಓದುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಉದ್ದ ಇಲ್ಲವೇ ಸಿಸಿ, ಎರಡರಲ್ಲಿ ಒಂದು ಮೀರಿದರೂ ಶೇ 40. ನಡುವೆ ಮೆಟ್ಟಿಲೇ ಇಲ್ಲ. ಸ್ವಿಫ್ಟ್ ಸ್ಪೋರ್ಟ್ ಉದ್ದದಲ್ಲಿ ಪಾಸು, ಸಿಸಿಯಲ್ಲಿ ಫೇಲು. ತೆರಿಗೆಗೆ ಮುಂಚೆ ಹತ್ತು ಲಕ್ಷದ ಕಾರು ಅಂತ ಇಟ್ಟುಕೊ. ಶೇ 18ರಲ್ಲಿ 11.80 ಲಕ್ಷ, ಶೇ 40ರಲ್ಲಿ 14 ಲಕ್ಷ. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ ಶೇ 17 ಕೂಡಿಸು. ಒಂದೇ ಕಾರು, ಬರೀ 171 ಸಿಸಿ ಜಾಸ್ತಿ ಇದ್ದದ್ದಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಹದಿನಾರು ಲಕ್ಷ ಕೊಟ್ಟು ಸ್ವಿಫ್ಟ್ ಎಂಬ ಹೆಸರಿನ ಕಾರನ್ನು ನಿನ್ನ ಅಪ್ಪ ತರುತ್ತಾರೇನು? ನಮ್ಮೂರಲ್ಲಿ ಆ ದುಡ್ಡಿಗೆ ಎತ್ತರದ ಗಾಡಿ ನೋಡುತ್ತಾರೆ. ಕಂಪನಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಗೆರೆ ಬೆಂಗಳೂರಿನವರು ಎಳೆದದ್ದು. ಕಾರಿನ ಬೆಲೆ ಐದರಿಂದ ಹತ್ತು ಲಕ್ಷದ ಒಳಗಿದ್ದರೆ ರಸ್ತೆ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17, ಸೆಸ್ ಬೇರೆ. 9.99 ಲಕ್ಷದ ಕಾರಿಗೆ 1,39,860 ರೂಪಾಯಿ. 10.01 ಲಕ್ಷದ್ದಕ್ಕೆ 1,70,170. ಶೋರೂಮಿನಲ್ಲಿ ಎರಡು ಸಾವಿರ ಏರಿದರೆ ಆರ್‌ಟಿಒದಲ್ಲಿ ಮೂವತ್ತು ಸಾವಿರ ಏರುತ್ತದೆ.

ಈಗ ಹಿಂದಿನದನ್ನು ತಿರುವಿ ಹಾಕು. 2015ರಲ್ಲಿ ಅಬಾರ್ತ್ ಪುಂಟೊ, 145 ಕುದುರೆ, ಆರಂಭಿಕ ಬೆಲೆ 9.95 ಲಕ್ಷ. 2017ರಲ್ಲಿ ಬಲೆನೊ ಆರ್‌ಎಸ್, 8.69. 2018ರಲ್ಲಿ ಟಿಯಾಗೊ ಜೆಟಿಪಿ, 6.39. 2021ರಲ್ಲಿ ಐ20 ಎನ್ ಲೈನ್, 9.84. 2024ರಲ್ಲಿ ಆಲ್ಟ್ರೋಜ್ ರೇಸರ್, 9.49. ಒಂಬತ್ತು ವರ್ಷ, ಐದು ಕಾರು, ಒಂದಾದರೂ ಹತ್ತರ ಮೇಲೆ ಬಾಗಿಲು ತೆರೆಯಿತೇ? (ಮೇಲಿನ ವೇರಿಯೆಂಟುಗಳು ದಾಟಿದವು, ಅದು ಬೇರೆ ಮಾತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಕೆಳಗಿನ ಬೆಲೆಯೇ.) ಹಾಗಾಗಿ ನನ್ನ ಅಂದಾಜು ಬರೆದಿಟ್ಟುಕೊ: ಮುಂದೆ ಯಾವ ಕಂಪನಿಯದು ಬಂದರೂ ಎಂಜಿನ್ ಒಂದು ಲೀಟರ್ ಇಲ್ಲವೇ 1.2 ಲೀಟರ್ ಟರ್ಬೊ, ಶಕ್ತಿ 100ರಿಂದ 130 ಪಿಎಸ್ ನಡುವೆ, ಆರಂಭಿಕ ಬೆಲೆ ಒಂಬತ್ತು ಚಿಲ್ಲರೆ. 140 ಪಿಎಸ್ ಬೇಕೆಂದರೆ 1.2 ಲೀಟರಿನಿಂದಲೇ ಹಿಂಡಬೇಕು. ಹಿಂಡಬಹುದು, ಆಗದ ಕೆಲಸವೇನಲ್ಲ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒದ ನೇರ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವ) ಎಂಜಿನ್ ಆಗಲೇ 130 ಪಿಎಸ್, 230 ನ್ಯೂಟನ್ ಮೀಟರ್ ಕೊಡುತ್ತಿದೆ. ಅಂಥ ಎಂಜಿನ್ನನ್ನು ಒಂದು ಟನ್ನಿನ ಹ್ಯಾಚ್‌ಬ್ಯಾಕಿನಲ್ಲಿ ಯಾರಾದರೂ ಕೂರಿಸಿದ ದಿನ ನಾನೇ ನಿನಗೆ ಪತ್ರ ಹಾಕುತ್ತೇನೆ.

ಇಷ್ಟು ಶಕ್ತಿ ಸಾಲದು, ನಿಜವಾದದ್ದೇ ಬೇಕು ಎಂದರೆ ಹಡಗಿನಲ್ಲಿ ಬರುವುದೊಂದೇ ದಾರಿ. 2016ರಲ್ಲಿ ಪೋಲೊ ಜಿಟಿಐ 192 ಪಿಎಸ್ ಹೊತ್ತು ಬಂತು, ಬೆಲೆ 25.99 ಲಕ್ಷ. 2025ರಲ್ಲಿ ಗಾಲ್ಫ್ ಜಿಟಿಐ, 265 ಪಿಎಸ್, 53 ಲಕ್ಷ. ಆ ದುಡ್ಡಿಗೆ ನಮ್ಮ ಕಡೆ ಜನ ಹೊಲ ಕೇಳುತ್ತಾರೆ.

ಪ್ರಶ್ನೆ: ಐ20 ಎನ್ ಲೈನ್ ನೂರರ ವೇಗಕ್ಕೆ 9.9 ಸೆಕೆಂಡ್ ಎನ್ನುತ್ತಾರೆ. ವಿಜಯಪುರದ ಬೇಸಿಗೆಯಲ್ಲಿ, ನಾಲ್ಕು ಮಂದಿ ಕುಳಿತಾಗ ಇದು ಬರುತ್ತದೆಯೇ? ಎತ್ತರದ ಊರಿನಲ್ಲಿ ಎಂಜಿನ್ ಶಕ್ತಿ ಕುಗ್ಗುತ್ತದೆ ಎಂದೂ ಓದಿದ್ದೇನೆ. (ಪ್ರೌಢಶಾಲೆ ಶಿಕ್ಷಕರು, ವಿಜಯಪುರ)

ಉತ್ತರ: ಮೇಷ್ಟ್ರೇ, ಬರುವುದಿಲ್ಲ. ಕಾರಣ ಮಾತ್ರ ನೀವು ಓದಿದ್ದಲ್ಲ.

ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರ್ ಎತ್ತರಕ್ಕೆ ಸುಮಾರು ಶೇ 1ರಷ್ಟು ಉಸಿರು ಕಳೆದುಕೊಳ್ಳುತ್ತದೆ. ಬೆಳಗಾವಿ ಸುಮಾರು 750 ಮೀಟರ್, ನಿಮ್ಮೂರು ಸುಮಾರು 600. ಸಾದಾ ಎಂಜಿನ್ನಿಗೆ ಇದು ತಟ್ಟುತ್ತದೆ. ಎಂಜಿನ್ನಿನ ಹೊಗೆಯಿಂದ ತಿರುಗುವ ಟರ್ಬೊದಲ್ಲಿ, ಹೆಚ್ಚಾದ ಹೊಗೆಯನ್ನು ಹೊರಬಿಡುವ ವೇಸ್ಟ್‌ಗೇಟ್ ಎಂಬ ಕಿಟಕಿ ಉಂಟು. ಗಾಳಿ ತೆಳುವಾದರೆ ಅದು ತಡವಾಗಿ ತೆರೆದುಕೊಳ್ಳುತ್ತದೆ, ಟರ್ಬೈನ್ ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬುತ್ತದೆ. ಹಾಗಾಗಿ ಎತ್ತರದ ಚಿಂತೆ ಬಿಡಿ.

ಬಿಸಿಲಿನ ಚಿಂತೆ ಬಿಡಬೇಡಿ. ಗಾಳಿ 25 ಡಿಗ್ರಿಯಿಂದ 45ಕ್ಕೆ ಏರಿದರೆ ಅದರ ಸಾಂದ್ರತೆ ಶೇ 6ರಷ್ಟು ಇಳಿಯುತ್ತದೆ. ಟರ್ಬೊ ಒತ್ತಿದ ಗಾಳಿ ಇನ್ನೂ ಕಾಯುತ್ತದೆ, ಇಂಟರ್‌ಕೂಲರ್ ತಣ್ಣಗೆ ಮಾಡಬೇಕೆಂದರೆ ಅದಕ್ಕೆ ಬಡಿಯುವ ಗಾಳಿಯೇ ಕೆಂಡ. ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿತ ಶುರುವಾಗದಿರಲೆಂದು ಕಂಪ್ಯೂಟರ್ ಕಿಡಿ ಹೊಡೆಯುವುದನ್ನು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಗೋಳಗುಮ್ಮಟದ ಮುಂದಿನ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತ ಕಾರು ತಕ್ಷಣ ಓಡು ಎಂದರೆ ಆಕಳಿಸುವುದು ಇದಕ್ಕೇ. ಎರಡು ಕಿಲೋಮೀಟರ್ ಓಡಲಿ, ಸರಿಹೋಗುತ್ತದೆ. ಇನ್ನು ಮೂರು ಮಂದಿ ಹೆಚ್ಚು ಕುಳಿತರೆ ಇನ್ನೂರು ಕೆಜಿ. ನನ್ನ ಲೆಕ್ಕದಲ್ಲಿ ನಿಮ್ಮ 9.9 ಅಲ್ಲಿಗೆ ಹನ್ನೊಂದೂವರೆ ದಾಟಿತು.

ಅಷ್ಟಕ್ಕೂ ಆ ನೂರರ ಲೆಕ್ಕ ನಮ್ಮ ರಸ್ತೆಗೆ ಏನು ಹೇಳುತ್ತದೆ? ನಿಂತಲ್ಲಿಂದ ನೂರಕ್ಕೆ ಹಾರುವುದು ಟೋಲ್ ದಾಟಿದಾಗ ಮಾತ್ರ. ನನ್ನ ಪರೀಕ್ಷೆ ಬೇರೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ–ಜಮಖಂಡಿ ರಸ್ತೆಗೆ ಹೋಗಿ. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಕಬ್ಬು ಎರಡೂ ಬದಿಗೆ ಜೋತುಬಿದ್ದು ರಸ್ತೆ ಗುಡಿಸುತ್ತಿದೆ, ಹಾಡು ಊರಿಗೆಲ್ಲ ಕೇಳುತ್ತಿದೆ, ವೇಗ ಇಪ್ಪತ್ತು. ಎದುರಿಗೆ ಖಾಲಿ ಜಾಗ ಸಿಕ್ಕ ಕ್ಷಣ ಮೂವತ್ತರಿಂದ ಎಂಬತ್ತಕ್ಕೆ ಎಷ್ಟು ಬೇಗ ಏರುತ್ತೀರಿ? ಅಲ್ಲಿ ಕೆಲಸಕ್ಕೆ ಬರುವುದು ಗರಿಷ್ಠ ಪಿಎಸ್ ಅಲ್ಲ, ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಸಿಗುವ ಎಳೆತ. ಎನ್ ಲೈನ್ 172 ನ್ಯೂಟನ್ ಮೀಟರನ್ನು 1500 ಆರ್‌ಪಿಎಂನಿಂದಲೇ ಕೊಡುತ್ತದೆ, ರೇಸರ್ 170ನ್ನು 1750ರಿಂದ. ಹೊಸ ಕಾರಿನ ಮಾಹಿತಿ ಪತ್ರಿಕೆ ಕೈಗೆ ಬಂದರೆ ಮೊದಲು ಈ ಸಾಲು ಓದಿ. ಆಮೇಲೆ ಹಿಂದಿನ ಬ್ರೇಕ್ ಡಿಸ್ಕೋ ಡ್ರಮ್ಮೋ ನೋಡಿ. ಎನ್ ಲೈನಿನಲ್ಲಿ ನಾಲ್ಕೂ ಡಿಸ್ಕ್. ರೇಸರ್ ಎಂದು ಹೆಸರಿಟ್ಟು ಹಿಂದೆ ಡ್ರಮ್ ಬಿಟ್ಟಿದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಪ್ರಶ್ನೆ: ನಾವು ಕಬ್ಬು ಬೆಳೆಯೋ ಮಂದಿ. ನಮ್ಮ ಕಬ್ಬಿನ ಎಥನಾಲೇ ಪೆಟ್ರೋಲಿನ್ಯಾಗ ಕೂಡಸ್ತಾರ, ಅದರಿಂದ ಟರ್ಬೊ ಎಂಜಿನ್ ಹಾಳಾಗತೈತಿ ಅಂತ ಮಗ ಜಗಳಾ ತಗೀತಾನ. ಖರೇನಾ? (ಜಮಖಂಡಿ)

ಉತ್ತರ: ಮಗನಿಗೆ ಅರ್ಧ ಮಾರ್ಕು ಕೊಡಿ. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಶೇ 20 ಬೆರೆತರೆ ಲೀಟರಿಗೆ ಶೇ 6–7ರಷ್ಟು ಕಡಿಮೆ ಶಕ್ತಿ, ಮೈಲೇಜಿಗೆ ಪೆಟ್ಟು ಅಲ್ಲಿಂದ. 2023ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಿ. ಆದರೆ ಎಥನಾಲಿಗೆ ಆಕ್ಟೇನ್ (ತಾನಾಗಿ ಹೊತ್ತದಿರುವ ಗುಣ) ಹೆಚ್ಚು, ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ. ಎರಡೂ ಟರ್ಬೊ ಎಂಜಿನ್ನಿಗೆ ಇಷ್ಟವಾದ ಗುಣಗಳೇ. ಇದಕ್ಕೆಂದೇ ಟ್ಯೂನ್ ಮಾಡಿದ ಎಂಜಿನ್ ಇದ್ದರೆ ನಿಮ್ಮ ಕಬ್ಬಿನಿಂದ ಕುದುರೆಗಳು ಹೆಚ್ಚಾಗುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ಮಗನ ಎದುರು ಈ ಸಾಲನ್ನು ಮೆಲ್ಲಗೆ ಓದಿ.

ಪ್ರಶ್ನೆ: ಹೊಸದಕ್ಕೆ ಕಾಯುವ ಬದಲು ಹಳೆಯ ಅಬಾರ್ತ್ ಅಥವಾ ಬಲೆನೊ ಆರ್‌ಎಸ್ ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೆಂದಿದ್ದೇನೆ. ನವನಗರದಿಂದ ದಿನಾ ಇಪ್ಪತ್ತು ಕಿಲೋಮೀಟರ್ ಓಡಾಟ, ವರ್ಷಕ್ಕೆರಡು ಸಲ ಗೋವಾ. (ಬ್ಯಾಂಕ್ ಉದ್ಯೋಗಿ, ಬಾಗಲಕೋಟೆ)

ಉತ್ತರ: ಅಮ್ಮಾ, ಇವುಗಳ ಆಯುಷ್ಯ ಮೊದಲು ತಿಳಿದುಕೊಳ್ಳಿ. 2017ರಲ್ಲಿ ಹುಟ್ಟಿದ ಆರ್‌ಎಸ್ 2020ಕ್ಕೆ ನಿಂತಿತು. ಟಿಯಾಗೊ, ಟಿಗೋರ್ ಜೆಟಿಪಿ ಜೋಡಿಯೂ ಅದೇ ವರ್ಷ ಮುಗಿಯಿತು. ಅಬಾರ್ತ್ ಕಂಪನಿಯೇ ನಮ್ಮ ಮಾರುಕಟ್ಟೆ ಬಿಟ್ಟುಹೋಗಿದೆ.

ನನ್ನದೇ ಕಥೆ ಹೇಳುತ್ತೇನೆ. ನಿಂತುಹೋದ ಟರ್ಬೊ ಕಾರೊಂದನ್ನು ಹಟ ಹಿಡಿದು ಕೊಂಡಿದ್ದೆ, ಹೆಸರು ಬೇಡ. ಜುಲೈ ತಿಂಗಳು, ಗೋವಾದಿಂದ ಚೋರ್ಲಾ ಘಾಟ್ ಏರಿ ಬರುತ್ತಿದ್ದೆ. ಕಣಕುಂಬಿ ಹತ್ತಿರ ಮಂಜು ಎಷ್ಟೆಂದರೆ ಬಾನೆಟ್ಟಿನ ತುದಿ ಕಾಣುತ್ತಿಲ್ಲ. ಪಟ್ ಎಂದು ಸದ್ದು, ಆಮೇಲೆ ಉಸ್ ಎಂದು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪು ಸೀಳಿತ್ತು. ಎಂಜಿನ್ ಜೀವ ಉಳಿಸಿಕೊಳ್ಳುವ ಮೋಡ್‌ಗೆ ಹೋಯಿತು, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎತ್ತಿನ ಗಾಡಿ. ಜಾಂಬೋಟಿಯವರೆಗೆ ಎರಡನೇ ಗೇರಿನಲ್ಲಿ ತೆವಳಿದೆ, ಹಿಂದಿದ್ದ ಮೀನಿನ ಟೆಂಪೊದವನು ಉದ್ದಕ್ಕೂ ಹಾರ್ನ್. ಖಾನಾಪುರದಲ್ಲಿ ಒಬ್ಬ ಮಿಸ್ತ್ರಿ ಟ್ರ್ಯಾಕ್ಟರಿನ ರೇಡಿಯೇಟರ್ ಹೋಸ್ ಕತ್ತರಿಸಿ, ಎರಡು ಕ್ಲಾಂಪ್ ಬಿಗಿದು ಕಳಿಸಿದ. ಅಸಲಿ ಪೈಪು ಬರಲು ಆರು ವಾರ ಹಿಡಿಯಿತು. ಅಷ್ಟು ದಿನವೂ ಆ ಟ್ರ್ಯಾಕ್ಟರ್ ಹೋಸ್ ತುಟಿಪಿಟಕ್ ಎನ್ನಲಿಲ್ಲ.

ನಿಮ್ಮ ಮನೆಯಲ್ಲಿ ಇನ್ನೊಂದು ಕಾರಿದ್ದರೆ ಆರ್‌ಎಸ್ ಕೊಳ್ಳಿ. ಬಾಡಿ, ಬಾಗಿಲು, ದೀಪ ಹೆಚ್ಚಿನವು ಸಾದಾ ಬಲೆನೊದಲ್ಲೇ ಸಿಗುತ್ತವೆ, 950 ಕೆಜಿಗೆ 102 ಪಿಎಸ್ ಇಂದಿಗೂ ಕಡಿಮೆಯಲ್ಲ. ಒಂದೇ ಕಾರಿನಲ್ಲಿ ಸಂಸಾರ ನಡೆಯಬೇಕಾದರೆ ಈಗ ಶೋರೂಮಿನಲ್ಲಿ ಇರುವುದನ್ನೇ ತೆಗೆದುಕೊಳ್ಳಿ. ಕಾಯಬೇಡಿ. ಬರುವ ಕಾರಿಗೆ ಮೇಲಿನ ಎರಡೂ ಗೆರೆ ಕಟ್ಟಿಹಾಕಿವೆ, ಇರುವುದಕ್ಕಿಂತ ಹತ್ತು ಪಿಎಸ್ ಹೆಚ್ಚಿದ್ದೀತು, ಅಷ್ಟೇ. ಒಂದು ಲೀಟರಿನ ಟರ್ಬೊಗಳು 998, 999 ಸಿಸಿ ಎಂದು ಬರುವುದರಿಂದ ಥರ್ಡ್ ಪಾರ್ಟಿ ವಿಮೆಯೂ ಸಾವಿರದೊಳಗಿನ ಅಗ್ಗದ ಸ್ಲ್ಯಾಬಿನಲ್ಲೇ ಬೀಳುತ್ತದೆ, ಇದನ್ನು ಡೀಲರುಗಳು ತಾವಾಗಿ ಹೇಳುವುದಿಲ್ಲ. ಘಾಟ್ ಜೋರಾಗಿ ಏರಿದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟು ಆರಿಸಿ, ಟರ್ಬೊದ ಬೇರಿಂಗಿಗೆ ಆಯಿಲ್ ಬೇಕು.

ಪ್ರಶ್ನೆ: ಗೋವಾದಲ್ಲಿ ರಿಜಿಸ್ಟರ್ ಮಾಡಿಸಿ ಬೆಳಗಾವಿಯಲ್ಲಿ ಓಡಿಸಿದರೆ ತೆರಿಗೆ ಉಳಿಯುವುದಿಲ್ಲವೇ? (ಖಾನಾಪುರ)

ಉತ್ತರ: ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಬೆಳಗಾವಿಯ ಕೆಎ-22 ನಂಬರ್ ಹಚ್ಚಿಸಲೇಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅಲ್ಲಿ ಕಟ್ಟಿದ್ದನ್ನು ಹಿಂದೆ ಪಡೆಯಲು ಎಷ್ಟು ಸಲ ಘಾಟ್ ಇಳಿದು ಹತ್ತಬೇಕಾದೀತು, ಪೆಟ್ರೋಲಿನ ಲೆಕ್ಕ ನೀವೇ ಹಾಕಿ.

ಪ್ರಶ್ನೆ: ನನ್ನದು ಟರ್ಬೊ ಇಲ್ಲದ 1.2 ಲೀಟರ್ ಕಾರು. ಸೈಲೆನ್ಸರ್ ಬದಲಿಸಿದರ ಎಷ್ಟು ಎಚ್‌ಪಿ ಹೆಚ್ಚಾಗತೈತಿ? (ಅಥಣಿ)

ಉತ್ತರ: ನಿಮಗೆ ಹೆಚ್ಚಾಗುವುದಿಲ್ಲ. ಓಣಿಯ ನಾಯಿಗಳಿಗೆ ಹೆಚ್ಚಾಗುತ್ತದೆ.