ಟೈಲ್ಸ್ ಒಡೆದು ಹೋದವನು ಫೋನ್ ಎತ್ತುತ್ತಿಲ್ಲ

ಡೊಂಬಿವಲಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಳಗಿನ ಮನೆಯ ಸ್ಲ್ಯಾಬಿಗೆ ನೀರು ಇಳಿಯುತ್ತಿದೆ ಅಂತ ಬಾತ್‌ರೂಮ್ ರಿಪೇರಿಗೆ ಒಬ್ಬನನ್ನು ಹಿಡಿದಿರಿ, 70,000 ರೂಪಾಯಿಗೆ ಮಾತಾಯಿತು, 45,000 ಮುಂಗಡ ಕೊಟ್ಟಿರಿ. ಎರಡು ದಿನ ಟೈಲ್ಸ್ ಒಡೆದು ಹೋದವನು ಮೂರು ವಾರವಾದರೂ ಪತ್ತೆ ಇಲ್ಲ. ದುಡ್ಡು ವಾಪಸ್ ಬರುತ್ತದಾ, ಮುಂದೆ ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ತಪ್ಪು ನನ್ನದೇ ಅಂತಲೂ ಬರೆದಿದ್ದೀರಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಮಳೆಗಾಲ ಹತ್ತಿರ ಬಂದಾಗ, ಕೆಳಗಿನವರು ದಿನಾ ಬೆಲ್ ಒತ್ತುವಾಗ ಯಾರಿಗಾದರೂ ಅವಸರ ಆಗುತ್ತದೆ. ಆ ಅವಸರವೇ ಇಂಥವರ ಬಂಡವಾಳ.

ಹೊಸಬರು ಕೈ ಹಚ್ಚುವ ಮೊದಲು ಒಡೆದ ಜಾಗದ ಫೋಟೋ, ವಿಡಿಯೋ ತೆಗೆಯಿರಿ. ವಾಟ್ಸಾಪ್ ಮಾತು, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ಕೆಲಸ ಮುಗಿಸು ಇಲ್ಲವೇ ಹಣ ಕೊಡು ಅಂತ 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅವನು ವಿರಾರ್‌ನವನಾದರೂ ನೀವು ಅಲ್ಲಿಗೆ ಓಡಬೇಕಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಠಾಣೆ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಹಣ ಬಂದೇ ಬರುತ್ತದೆ ಅಂತ ಸುಮ್ನೆ ಭರವಸೆ ಕೊಡಲಾರೆ. ಬೇಗ ಬರುವುದಂತೂ ಕಷ್ಟ.

ಇನ್ನು ಮುಂದಿನ ಕೆಲಸ. ಸಿಮೆಂಟು, ಟೈಲ್ಸ್, ವಾಟರ್‌ಪ್ರೂಫಿಂಗ್ ಡಬ್ಬ ಎಲ್ಲ ನೀವೇ ಅಂಗಡಿಗೆ ಹೋಗಿ ಪಕ್ಕಾ ಬಿಲ್ ಮೇಲೆ ತನ್ನಿ. ಆಗ ಹೊಸ ಕೆಲಸಗಾರನಿಗೆ ಜಾಸ್ತಿ ಮುಂಗಡ ಬೇಕಾಗುವುದೇ ಇಲ್ಲ, ಮಜೂರಿ ಮಾತ್ರ. ಅದನ್ನೂ ಒಂದೊಂದು ಹಂತ ಮುಗಿದ ಮೇಲೆ ಕೊಡಿ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳಿಗಿಂತ ಹಳೆಯದು ಬೇಡ.

ಟೈಲ್ಸ್ ಹಾಕುವ ಮುಂಚಿನ ಹಂತ ಬಹಳ ಮುಖ್ಯ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನಹಾನಿ ಟ್ರ್ಯಾಪಿಗೆ, ಅಂದರೆ ನೆಲದ ನೀರು ಹೋಗುವ ತೂತಿಗೆ, ಬಟ್ಟೆ ತುರುಕಿ, ಹೊಸ್ತಿಲಿಗೆ ಕಟ್ಟೆ ಕಟ್ಟಿ, ನಾಲ್ಕು ಬೆರಳು ನೀರು ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಬಿಟ್ಟು ನೀರು ಗೆರೆಗಿಂತ ಕೆಳಗಿಳಿದಿದೆಯಾ ನೋಡಿ, ಕೆಳಗಿನ ಮನೆಗೆ ಹೋಗಿ ಸ್ಲ್ಯಾಬ್ ಮುಟ್ಟಿ ನೋಡಿ. "ನಮ್ಮ ಕೆಲಸಕ್ಕೆ ಇದೆಲ್ಲ ಬೇಡ ಮೇಡಂ" ಅಂದವನಿಗೆ ಕೆಲಸ ಕೊಡಲೇಬೇಡಿ. ನಮ್ಮ ಮುಲುಂಡ್ ಮನೆಯಲ್ಲಿ ಹಾಗೆ ಅಂದವನ ಮಾತು ಕೇಳಿದ್ದೆವು. ಜುಲೈನಲ್ಲಿ ಕೆಳಗಿನ ಮನೆಯ ಅಜ್ಜಿ ಅಡುಗೆಮನೆಯಲ್ಲಿ ಬಕೆಟ್ ಇಟ್ಟುಕೊಂಡು ಕೂತಿದ್ದರು. ಅದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ.

ಆಳನ್ನು ಹುಡುಕುವಾಗ ಫೋನಿನಲ್ಲಿರುವ ಫೋಟೋ ನಂಬಬೇಡಿ. ಎರಡು ಮಳೆಗಾಲದ ಹಿಂದೆ ಅವನು ಮಾಡಿದ ಬಾತ್‌ರೂಮ್ ತೋರಿಸಲು ಹೇಳಿ, ಆ ಮನೆಯವರ ಹತ್ತಿರ ನೀವೇ ಮಾತಾಡಿ. ನಿಮ್ಮ ಸೊಸೈಟಿಯ ವಾಚ್‌ಮನ್‌ಗೂ ಯಾರು ಕೆಲಸ ಮುಗಿಸಿ ಹೋಗುತ್ತಾರೆ, ಯಾರು ಅರ್ಧಕ್ಕೆ ಬಿಡುತ್ತಾರೆ ಅನ್ನುವುದು ಗೊತ್ತಿರುತ್ತದೆ. ಯಾವ ಕಂಪನಿಯ ಮಾಲು, ವಾಟರ್‌ಪ್ರೂಫಿಂಗ್ ಎಷ್ಟು ಕೋಟ್, ಡೆಬ್ರಿ (ಒಡೆದ ಚೂರು, ಕಸ) ಸಾಗಿಸುವ ಖರ್ಚು ಯಾರದು, ಎಲ್ಲ ಕಾಗದದ ಮೇಲೆ ಬರಲಿ.

ಸ್ಪೀಡ್ ಪೋಸ್ಟಿನ ಪತ್ರ ಬರೆದ ಮೇಲೆ ಕಳಿಸುವ ಮೊದಲು ನನಗೊಂದು ಪ್ರತಿ ಕಳಿಸಿ. ಕನ್ನಡದಲ್ಲೇ ಬರೆಯಿರಿ, ಮರಾಠಿಗೆ ನಾವು ಮಾಡಿಕೊಡುತ್ತೇವೆ.

— ಸಂಪಾದಕ